ನನ್ನ ತಂಗಿ ತಿಮ್ಮವ್ವನ ಕೈಮಾತು

ನನ್ನ ತಂಗಿ ತಿಮ್ಮವ್ವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕಿವಿ ಕೇಳದವಳಿಗೆ ಮಾತು ಎಲ್ಲಿಂದ ಬರಬೇಕು? ದೇವದುರ್ಗದ ಹತ್ತಿರದ ನಮ್ಮ ಊರಿನಲ್ಲಿ ಅವಳನ್ನು ಯಾರೂ ತಿಮ್ಮವ್ವ ಎನ್ನುತ್ತಿರಲಿಲ್ಲ, ಮೂಗಿ ಎಂದೇ ಕರೆಯುತ್ತಿದ್ದರು. ಹೇಗೂ ಕೇಳುವುದಿಲ್ಲ, ಏನು ಕರೆದರೇನು ಎಂಬುದು ಅವರ ಲೆಕ್ಕ. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ನಾನು ಏಳನೇ ಇಯತ್ತೆ ತನಕ ಓದಿದವಳು. ಅವಳ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ ಎಂದು ಗೊತ್ತಿರುವುದರಿಂದ ನಾನೇ ಬರೆಯಲು ಕುಳಿತಿದ್ದೇನೆ.

ಊರಲ್ಲಿ ಅವಳಿಗೆ ಗೊತ್ತಿದ್ದ ಸನ್ನೆಗಳು ಬಹಳ ಕಡಿಮೆ. ಉಣ್ಣು, ಮಲಗು, ನೀರು ತಾ, ದನ ಹೊಡೆದುಕೊಂಡು ಹೋಗು. ಅಷ್ಟೂ ನಾವು ಅವಳಿಗೆ ಹೇಳುವಂಥವು. ಅವಳು ನಮಗೆ ಹೇಳುವಂಥದ್ದು ಒಂದೂ ಇರಲಿಲ್ಲ. ಹೊಟ್ಟೆನೋವು ಬಂದರೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು, ಖುಷಿಯಾದರೆ ಒಬ್ಬಳೇ ನಗುತ್ತಿದ್ದಳು. ಯಾತಕ್ಕೆ ನಕ್ಕಳೆಂದು ಕೇಳುವವರಿರಲಿಲ್ಲ. ಮದುವೆಯಾಗಿ ನಾನು ರಾಯಚೂರಿಗೆ ಹೊರಟಾಗ ಬಂಡಿಯ ಹಿಂದೆ ಊರ ಅಗಸಿಬಾಗಿಲ ತನಕ ಓಡಿ ಬಂದಳು. ಆಗಲೇ ನಾನು ಮನಸ್ಸು ಮಾಡಿದ್ದೆ. ವರ್ಷ ತುಂಬುವುದರೊಳಗೆ ಗಂಡನನ್ನು ಕಾಡಿ ಬೇಡಿ ಅವಳನ್ನು ನನ್ನ ಹತ್ತಿರ ಕರೆಸಿಕೊಂಡೆ.

ನನ್ನ ಗಂಡ ಮಾರೆಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಸ್ಟೇಷನ್ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದೆ. ನಮ್ಮ ಓಣಿಯಲ್ಲೇ ಸುಗ್ರಾ ಬೇಗಂ ಎಂಬಾಕೆ ಇದ್ದಳು. ಮಾನ್ವಿ ಕಡೆಯವಳು, ಗಂಡನನ್ನು ಕಳೆದುಕೊಂಡವಳು, ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಹೆಣ್ಣಾಳುಗಳ ಮುಕ್ಕಾದಮಳು. ಯಾರು ಯಾವ ಯಂತ್ರಕ್ಕೆ, ಯಾರಿಗೆ ಯಾವಾಗ ರಜೆ ಎಂಬುದೆಲ್ಲ ಅವಳ ಕೈಯಲ್ಲಿತ್ತು. ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಒಂದು ಗಲ್ಲ ಸದಾ ಉಬ್ಬಿರುತ್ತಿತ್ತು. ಒಂದು ದಿನ ತಿಮ್ಮವ್ವ ನಮ್ಮ ಹೊಸ್ತಿಲ ಮೇಲೆ ಕೂತು ಓಣಿಯವರ ಕೈ ಬಾಯಿಗಳನ್ನು ನೋಡುವ ರೀತಿಯನ್ನು ಆಕೆ ನಿಂತು ಗಮನಿಸಿದಳು.

"ಹಣಮಮ್ಮಾ, ನಿನ್ನ ತಂಗೀನ ನನ್ನ ಕೂಡ ಕಳಸು" ಎಂದಳು.

"ಆಕಿಗಿ ಕಿವಿ ಕೇಳಂಗಿಲ್ಲರೀ" ಎಂದೆ ನಾನು.

"ಅಲ್ಲಿ ಯಾರಿಗಿ ಕೇಳ್ತದ?" ಎಂದು ನಕ್ಕಳು ಸುಗ್ರಾ ಬೇಗಂ.

ಆ ಮಾತಿನ ಅರ್ಥ ನನಗೆ ಕಾರ್ಖಾನೆ ಕಂಡ ಮೇಲೆ ತಿಳಿಯಿತು. ಉದ್ದನೆಯ ಶೆಡ್ಡು, ಎರಡು ಸಾಲು ಯಂತ್ರಗಳು, ಮೇಲೆ ಓಡುವ ಪಟ್ಟಾಗಳು. ಹೆಂಗಸರು ಹತ್ತಿ ಹಾಕುತ್ತ ನಿಲ್ಲುತ್ತಾರೆ, ಅರಳೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತದೆ. ಯಂತ್ರ ಶುರುವಾದರೆ ಪಕ್ಕದವಳು ಕಿರುಚಿದರೂ ಕೇಳುವುದಿಲ್ಲ. ಕೇಳಿದರೂ ಎಲ್ಲರಿಗೂ ತಿಳಿಯುವಂತಿಲ್ಲ. ಯಾಪಲದಿನ್ನಿ ಕಡೆಯಿಂದ ಬರುವವರದು ತೆಲುಗು, ಅರಬ ಮೊಹಲ್ಲಾದವರದು ಉರ್ದು, ಉಳಿದವರದು ಕನ್ನಡ. ಹೀಗಾಗಿ ಎಷ್ಟೋ ವರ್ಷಗಳಿಂದ ಅಲ್ಲಿಯ ಹೆಂಗಸರು ಕೈಯಲ್ಲೇ ಮಾತಾಡಿಕೊಂಡು ಬಂದಿದ್ದರು. ಹತ್ತಿ ಸಿಕ್ಕಿ ಯಂತ್ರ ಹಿಡಿದಿದೆ, ನೀರು ಕುಡಿದು ಬರುತ್ತೇನೆ, ಗುಮಾಸ್ತ ಬರುತ್ತಿದ್ದಾನೆ, ನಿನ್ನ ಅತ್ತೆ ಹೇಗಿದ್ದಾಳೆ, ಎಲ್ಲಕ್ಕೂ ಒಂದೊಂದು ಸನ್ನೆ. ಒಬ್ಬೊಬ್ಬರಿಗೂ ಒಂದೊಂದು ಹೆಸರು. ಬೆರಳು ಮಡಚಿ ಗಲ್ಲಕ್ಕೆ ಒತ್ತಿದರೆ ಸುಗ್ರಾ ಬೇಗಂ. ಗದ್ದದ ಮೇಲೆ ಎರಡು ಸಲ ಕುಟ್ಟಿದರೆ ನಮ್ಮ ತಿಮ್ಮವ್ವ, ಅವಳ ಗದ್ದದ ಮೇಲೆ ಹಚ್ಚೆಯ ಚುಕ್ಕಿಗಳಿದ್ದವು. ಇಪ್ಪತ್ತು ದಾಟಿದ ಮೇಲೆ ನನ್ನ ತಂಗಿಗೆ ಮೊದಲ ಸಲ ಅವಳಿಗೆ ತಿಳಿಯುವಂಥ ಹೆಸರೊಂದು ಸಿಕ್ಕಿತು.

ಆರು ತಿಂಗಳಲ್ಲಿ ಅವಳು ಬದಲಾದ ರೀತಿಯನ್ನು ಏನು ಹೇಳಲಿ. ಸಂಜೆ ಮನೆಗೆ ಬಂದರೆ ಕೈಕಾಲು ತೊಳೆಯುವ ಮೊದಲೇ ಶುರು. ಯಾರ ಮಗನಿಗೆ ಹೆಣ್ಣು ಗೊತ್ತಾಯಿತು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಗುಮಾಸ್ತ ಹೇಗೆ ನಡೆಯುತ್ತಾನೆ, ಎಲ್ಲ ಕೈಯಲ್ಲೇ. ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು ಬಲ್ಲವಳು ನಾನೊಬ್ಬಳೇ ಎಂದುಕೊಂಡಿದ್ದೆ, ಈಗ ಅವಳು ನನಗೆ ಕೂಸಿಗೆ ತಿಳಿಸುವಂತೆ ನಿಧಾನವಾಗಿ ಕೈಯಾಡಿಸುತ್ತಿದ್ದಳು. ನಾನು ತಪ್ಪು ತಿಳಿದರೆ ಹಣೆ ಚಚ್ಚಿಕೊಂಡು ನಗುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ. ಆದರೂ ಅವಳ ಮುಖ ನೋಡಿದರೆ ನನ್ನ ಹೊಟ್ಟೆಕಿಚ್ಚು ತಣ್ಣಗಾಗುತ್ತಿತ್ತು.

ಅವಳ ಮಾತುಗಳಲ್ಲಿ ಪದೇ ಪದೇ ಬರುತ್ತಿದ್ದವಳು ಪಾರ್ವತೆಮ್ಮ. ಕೇರಿಯವಳು, ವಯಸ್ಸಿನಲ್ಲಿ ನಮ್ಮವ್ವನಷ್ಟು. ಕೇರಿಯ ಹೆಂಗಸರ ಯಂತ್ರಗಳು ಶೆಡ್ಡಿನ ತುದಿಗೆ, ಕಾಳಿನ ಗುಂಡಿಯ ಪಕ್ಕ, ಎಲ್ಲಕ್ಕಿಂತ ಹೆಚ್ಚು ಧೂಳು ಏಳುವ ಜಾಗದಲ್ಲಿ ಇದ್ದವು. ತಿಮ್ಮವ್ವ ಹೊಸದಾಗಿ ಸೇರಿದಾಗ ಒಂದು ದಿನ ಯಂತ್ರ ಹಿಡಿದುಕೊಂಡದ್ದು ತಿಳಿಯದೆ ಹತ್ತಿ ತುರುಕುತ್ತಲೇ ಇದ್ದಳಂತೆ. ಉಳಿದವರಿಗೆ ಅದರ ಸದ್ದು ಬದಲಾದರೆ ಗೊತ್ತಾಗುತ್ತದೆ, ಇವಳಿಗೆ ಹೇಗೆ ಗೊತ್ತಾಗಬೇಕು? ಪಾರ್ವತೆಮ್ಮ ತನ್ನ ಜಾಗ ಬಿಟ್ಟು ಬಂದು, ಇವಳ ಮುಂಗೈ ಹಿಡಿದು ಯಂತ್ರದ ಕಟ್ಟಿಗೆಯ ಚೌಕಟ್ಟಿಗೆ ಒತ್ತಿಸಿದಳು. ಸರಿಯಾಗಿ ಓಡುವಾಗ ಹೀಗೆ ನಡುಗುತ್ತದೆ, ಹಿಡಿದಾಗ ಹೀಗೆ. ಅಂದಿನಿಂದ ತಿಮ್ಮವ್ವನ ಯಂತ್ರ ಯಾರ ಯಂತ್ರಕ್ಕೂ ಕಡಿಮೆ ಇಲ್ಲದಂತೆ ಓಡಿತು.

ಪಾರ್ವತೆಮ್ಮನ ಹೆಸರು ಹೇಳುವಾಗ ತಿಮ್ಮವ್ವ ಎರಡು ಬೆರಳಲ್ಲಿ ಸೆರಗಿನ ಅಂಚು ಚಿವುಟಿ ತನ್ನ ಮೈಗೆ ಎಳೆದುಕೊಳ್ಳುತ್ತಿದ್ದಳು. ಪಾರ್ವತೆಮ್ಮ ಸೆರಗು ಚೆಂದ ಹೊದೆಯುವವಳಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ. ರೊಟ್ಟಿ ಬಡಿಯುತ್ತ ನೋಡುವವಳಿಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ.

ಎಪ್ಪತ್ತೊಂಬತ್ತರ ಸುಗ್ಗಿಯಲ್ಲಿ ಅದು ನಡೆಯಿತು. ಮಧ್ಯಾಹ್ನದ ಹೊತ್ತು ಕಾರ್ಖಾನೆಯ ಹೆಂಗಸೊಬ್ಬಳು ನಮ್ಮ ಮನೆಗೆ ಓಡಿ ಬಂದಳು. "ಲಗೂನ ಬಾ, ನಿನ್ನ ತಂಗಿ ಸಲುವಾಗಿ ಕೆಲಸ ನಿಂತದ" ಎಂದಳು. ಹಿಟ್ಟಿನ ಕೈಯಲ್ಲೇ ಹೋದೆ. ಹೊರಗೆ ಬಾಗಲವಾಡ ಕಡೆಯಿಂದ ಬಂದ ಹತ್ತಿ ಬಂಡಿಗಳು ಸಾಲಾಗಿ ನಿಂತಿದ್ದವು. ಗೇಟಿನ ಪಕ್ಕ ಕೇರಿಯ ಹೆಂಗಸರೆಲ್ಲ ಬುತ್ತಿಗಂಟು ಕಟ್ಟಿಕೊಂಡು ಕೂತಿದ್ದರು. ಒಳಗೆ ಯಂತ್ರಗಳು ಸುಮ್ಮನಿದ್ದವು. ನನ್ನ ತಂಗಿ ಶೆಡ್ಡಿನ ಬಾಗಿಲಲ್ಲಿ ರೊಟ್ಟಿಯ ಡಬ್ಬಿ ಹಿಡಿದು ನಿಂತು, ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

ಆದದ್ದು ಇಷ್ಟು. ಊಟದ ಬಿಡುವಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಕಡೆ ಕೂರುವುದು ಅಲ್ಲಿಯ ರೂಢಿ. ಅವತ್ತು ಮನೆಯಿಂದ ಪುಂಡಿಪಲ್ಯ ಕಟ್ಟಿಕೊಟ್ಟಿದ್ದೆ. ಪಾರ್ವತೆಮ್ಮನಿಗೆ ಪುಂಡಿಪಲ್ಯ ಇಷ್ಟ ಎಂದು ತಿಮ್ಮವ್ವನಿಗೆ ಗೊತ್ತಿತ್ತು. ಡಬ್ಬಿ ಎತ್ತಿ ಹಿಡಿದು, ಅಂಗಳದ ಆಚೆ ಕೇರಿಯವರ ನಡುವೆ ಕೂತಿದ್ದ ಪಾರ್ವತೆಮ್ಮನನ್ನು ಹೆಸರು ಹಿಡಿದು ಕರೆದಿದ್ದಾಳೆ. ಅಂದರೆ ನಗುನಗುತ್ತ ಎರಡು ಬೆರಳಲ್ಲಿ ಸೆರಗು ಚಿವುಟಿ ಮೈಗೆ ಎಳೆದುಕೊಂಡು, ಬಾ ಎಂದಿದ್ದಾಳೆ.

ಕೇರಿಯವರಿಗೆ ಆ ಸನ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾವಿಯ ಹಾದಿಯಲ್ಲಿ, ಸಂತೆಯಲ್ಲಿ, ತಮ್ಮ ಮೈ ತಾಗೀತೆಂದು ಎದುರಿಗೆ ಬಂದವರು ಸೆರಗು ಎಳೆದುಕೊಳ್ಳುವುದನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದರು. ಕಾರ್ಖಾನೆಯಲ್ಲಿ ಉಳಿದ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೆ ಒಂದು ಹೆಸರಿದ್ದರೆ, ಕೇರಿಯವರಿಗೆಲ್ಲ ಸೇರಿ ಅದೊಂದೇ. ಅವರ ಬೆನ್ನ ಹಿಂದೆ ಉಳಿದವರು ಅದನ್ನು ಮಾಡುತ್ತಿದ್ದರು. ತುದಿಯ ಯಂತ್ರಗಳಿಗೆ ಮುಖ ಹಾಕಿ ನಿಂತವರಿಗೆ ಕಾಣುತ್ತಿರಲಿಲ್ಲ. ಕೇರಿಯವರಲ್ಲಿ ಪಾರ್ವತೆಮ್ಮನೊಬ್ಬಳನ್ನೇ ಹತ್ತಿರದಿಂದ ಬಲ್ಲ ನನ್ನ ತಂಗಿ ಅದನ್ನು ಆಕೆಯ ಹೆಸರೆಂದೇ ಕಲಿತಿದ್ದಳು, ಎಷ್ಟೋ ದಿನದಿಂದ ಅಕ್ಕರೆಯಿಂದ ಹೇಳುತ್ತಿದ್ದಳು. ಇದೆಲ್ಲ ನನಗೆ ಅಲ್ಲಿ ನಿಂತಲ್ಲೇ ಗೊತ್ತಾಯಿತು.

ಕೇರಿಯ ಸೂಗಮ್ಮ ಗಟ್ಟಿ ಹೆಂಗಸು. ಎದ್ದು ನಿಂತು ಮಾತಾಡಿದವಳು ಅವಳೇ. "ಆಕಿನರ ಇರಬೇಕು, ನಾವರ ಇರಬೇಕು. ಮಾರಿ ಮ್ಯಾಲೆ ಹಂಗ ಮಾಡಿಸ್ಕೊಂಡು ನಾವು ಒಳಗ ಬರಂಗಿಲ್ಲ."

ಗುಮಾಸ್ತನಿಗೆ ಬಂಡಿಗಳ ಚಿಂತೆ. "ಮುಕ್ಕಾದಮಾ, ಮೂಗಿನ್ನ ಮನಿಗಿ ಕಳಸ್ರಿ, ಮುಗೀತು. ಒಬ್ಬಾಕಿ ಸಲುವಾಗಿ ಎಲ್ಲಾ ಕೆಲಸ ನಿಲ್ಲಸಾಕ ಆಗ್ತದೇನು?" ಎಂದ.

ಅವನಿಗೆ ಅದು ಸುಲಭ. ಕಾರ್ಖಾನೆ ಬಿಟ್ಟರೆ ತಿಮ್ಮವ್ವ ಯಾರೊಂದಿಗೆ ಮಾತಾಡಬೇಕು? ಆ ಕೈಮಾತು ಬಲ್ಲವರು ಇಡೀ ಜಗತ್ತಿನಲ್ಲಿ ಆ ಶೆಡ್ಡಿನೊಳಗೆ ಮಾತ್ರ ಇದ್ದರು. ಮನೆಗೆ ಕಳಿಸಿದರೆ ಮತ್ತೆ ಉಣ್ಣು, ಮಲಗು, ನೀರು ತಾ. ಮತ್ತೆ ಗೋಡೆಗೆ ಒರಗುವುದು. ಅವತ್ತು ಗುಮಾಸ್ತನ ಕಾಲು ಹಿಡಿಯಲೂ ನಾನು ತಯಾರಿದ್ದೆ. ಆದರೆ ಸೂಗಮ್ಮನ ಮಾತಿನಲ್ಲೂ ತಪ್ಪೆಲ್ಲಿತ್ತು?

ಸುಗ್ರಾ ಬೇಗಂ ಗುಮಾಸ್ತನ ಮಾತಿಗೆ ಒಪ್ಪಲಿಲ್ಲ. ಸಾಧಾರಣ ಹೆಂಗಸಲ್ಲ ಅವಳು. ಅಷ್ಟು ಬಗೆಯ ಮಂದಿಯನ್ನು ಒಂದು ಸೂರಿನಡಿ ದುಡಿಸುವುದೆಂದರೆ ಹುಡುಗಾಟವೇ? ಮೊಹರಮ್ಮಿಗೆ ಅರಬ ಮೊಹಲ್ಲಾದವರಿಗೆ ರಜೆ ಕೊಟ್ಟರೆ ಯುಗಾದಿಗೆ ಉಳಿದವರಿಗೆ ಕೊಡುತ್ತಿದ್ದಳು, ಬಾಣಂತಿ ಬಂದರೆ ಕೂಸು ಮಲಗಿಸಲು ಅರಳೆ ಮೂಟೆಗಳ ಹಿಂದೆ ಜೋಳಿಗೆ ಕಟ್ಟಿಸುತ್ತಿದ್ದಳು. ನನ್ನ ಕಡೆ ಭೇದ ಇಲ್ಲ ಎಂದು ಓಣಿಯಲ್ಲೆಲ್ಲ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದಳು. ಇದನ್ನು ಹುಡುಗಿಗೆ ಕಲಿಸಿದ್ದು ಯಾರೋ ಒಬ್ಬರು, ಅವರನ್ನು ಹಿಡಿದು ಹೊರಗೆ ಹಾಕಿದರೆ ಆಯಿತು ಎಂದು ಅವಳ ಎಣಿಕೆ. "ಕೇಳು ನಿನ್ನ ತಂಗೀನ, ಯಾರು ಕಲಿಸಿದರಂತ" ಎಂದು ನನಗೆ ಹೇಳಿದಳು.

ನಾನು ಕೈಯಾಡಿಸಿದೆ. ತಿಮ್ಮವ್ವನಿಗೆ ತಿಳಿಯಲಿಲ್ಲ, ನನ್ನ ಕೈಮಾತೇ ಅಷ್ಟು. ಕೊನೆಗೆ ಸುಗ್ರಾ ಬೇಗಂ ತಾನೇ ಕೇಳಿದಳು. ಸೆರಗು ಚಿವುಟಿ ತೋರಿಸಿ, ಇದು ಯಾರು ಕೊಟ್ಟದ್ದು ಎಂದು ಕೈ ತಿರುಗಿಸಿದಳು.

ತಿಮ್ಮವ್ವನ ಮುಖ ಅರಳಿತು. ಇಷ್ಟು ಹೊತ್ತು ಯಾರೂ ತನ್ನೊಂದಿಗೆ ಮಾತಾಡದೆ ಈಗ ಒಬ್ಬರು ಏನೋ ಕೇಳಿದ್ದಾರೆ. ಇದೂ ಒಂದು ಕೇಳುವ ಮಾತೇ ಎಂಬಂತೆ ನಕ್ಕು, ಬೆರಳು ಮಡಚಿ ತನ್ನ ಗಲ್ಲಕ್ಕೆ ಒತ್ತಿಕೊಂಡಳು. ನೀನೇ. ಆಮೇಲೆ ಹಿಂದೆ ನಿಂತಿದ್ದವರ ಒಬ್ಬೊಬ್ಬರ ಹೆಸರನ್ನೂ ಮಾಡತೊಡಗಿದಳು. ಹೆಸರು ಬಂದವರೆಲ್ಲ ಕಣ್ಣು ಕೆಳಗೆ ಹಾಕಿದರು.

"ಕೆಲಸ ಹಂಚಬೇಕಾಗ್ತದಲ್ಲ, ಆ ಗದ್ದಲದಾಗ... ತುದಿ ಯಂತ್ರಕ್ಕ ಯಾರು ಅಂತ ತೋರಸಾಕ..." ಎಂದು ಶುರು ಮಾಡಿದ ಸುಗ್ರಾ ಬೇಗಂ ಅಲ್ಲಿಗೇ ನಿಂತಳು. ಹೇಳುತ್ತ ಹೋದಂತೆ ಅದು ತನಗೇ ಎಂಥ ಮಾತಾಗಿ ಕೇಳಿಸಿತೋ. ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗುಳಿ ಬಂದು, ಗೇಟಿನ ಹತ್ತಿರ ಹೋಗಿ, ಪಾರ್ವತೆಮ್ಮನ ಎದುರು ನೆಲದ ಮೇಲೆ ಕೂತಳು.

"ಪಾರ್ವತೆಮ್ಮಾ, ತಪ್ಪು ನಂದು. ನಿಮಗ ಅದೊಂದ ಸನ್ನಿ ಇಟ್ಟು ಇಷ್ಟು ವರ್ಷ ಕೆಲಸ ಹಂಚೀನಿ. ಅಂವ ಆಕಿನ್ನ ಕಳಸು ಅಂತಾನ. ಕಳಸೂದಾದರ ಮೊದಲು ನಾನು ಹೋಗಬೇಕು."

ಪಾರ್ವತೆಮ್ಮ ಬುತ್ತಿಗಂಟನ್ನು ಮಡಿಲಿಗೆ ಎಳೆದುಕೊಂಡಳು. ಹೇಗಾದರೂ ಮಾಡಿ ತಂಗಿಯನ್ನು ಉಳಿಸಿಕೊಳ್ಳಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ತಿಮ್ಮವ್ವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಪಾರ್ವತೆಮ್ಮನ ಕಾಲಿಗೆ ಬೀಳು ಎಂದು ತೋರಿಸಿದೆ. ಅವಳು ಬಿದ್ದಳು, ಆದರೆ ಯಾಕೆಂದು ತಿಳಿಯದೆ ತಲೆ ಎತ್ತಿ ನನ್ನ ಮುಖ ನೋಡಿದಳು. ನಾನು ಸೆರಗು ಚಿವುಟಿ ತೋರಿಸಿ, ಇದು ಕೆಟ್ಟದ್ದು ಎಂದು ಹೇಳಲು ಕೈ ಎತ್ತಿದೆ. ಪಾರ್ವತೆಮ್ಮ ನನ್ನ ಕೈ ಹಿಡಿದುಬಿಟ್ಟಳು.

"ಏನ್ ಹೇಳಾಕತ್ತಿ ಆಕಿಗಿ?"

"ಇದು ಕೆಟ್ಟ ಸನ್ನಿ ಅಂತ ಹೇಳಾಕತ್ತೀನ್ರೀ."

"ಯಾಕ ಕೆಟ್ಟದ್ದು ಅಂತ ಕೇಳಿದರ ಏನ್ ಹೇಳ್ತಿ?"

ನಾನು ತಂಗಿಯ ಮುಖ ನೋಡಿದೆ.

"ನಾವು ಮುಟ್ಟಬಾರದವರು ಅಂತ ಹೇಳಬೇಕಾಗ್ತದ ನೋಡು, ಹೌದಿಲ್ಲೋ?" ಎಂದಳು ಪಾರ್ವತೆಮ್ಮ. ದನಿ ಏರಿಸಲಿಲ್ಲ. "ಯಾರೂ ಹೇಳಬ್ಯಾಡ್ರಿ ಆಕಿಗಿ. ಇಲ್ಲಿ ಇಷ್ಟು ಮಂದಿ ಅದೀರಿ, ಅದು ಗೊತ್ತಿಲ್ಲದಾಕಿ ಈಕಿ ಒಬ್ಬಾಕಿ. ನನಗ ಅಂಥಾಕಿ ಒಬ್ಬಾಕಿ ಇರಲಿ."

ನಾನು ಕೈ ಇಳಿಸಿದೆ. ತಿಮ್ಮವ್ವ ಇನ್ನೂ ಕಾಲಬುಡದಲ್ಲೇ ಕೂತಿದ್ದಳು. ಪಾರ್ವತೆಮ್ಮ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ತೆರೆದು, ರೊಟ್ಟಿ ಮುರಿದು ಒಂದು ತುತ್ತು ಪಲ್ಯ ಉಂಡಳು. ಉಪ್ಪು ಹೆಚ್ಚಾಗಿದೆ ಎಂದು ಕೈಮಾಡಿದಳು. ತಿಮ್ಮವ್ವ ಕೂಡಲೇ ನನ್ನ ಕಡೆ ಬೆರಳು ತೋರಿಸಿದಳು, ಮಾಡಿದವಳು ಇವಳೇ ಎಂದು.

ಸೂಗಮ್ಮ ಮಾತ್ರ ಅಷ್ಟಕ್ಕೆ ಬಗ್ಗುವವಳಲ್ಲ, ಅವಳು ಬಗ್ಗದ್ದೇ ಒಳ್ಳೆಯದಾಯಿತು. "ಆತು, ಹುಡುಗಿ ಇರಲಿ. ನಮ್ಮ ಮಾತೇನು? ನಮಗೂ ಒಬ್ಬೊಬ್ಬರಿಗೆ ಒಂದೊಂದು ಹೆಸರು ಬೇಕು. ತುದಿ ಯಂತ್ರ ದಿನಾ ನಮಗ ಯಾಕ? ಧೂಳು ಎಲ್ಲರೂ ಕುಡೀರಿ" ಎಂದಳು. ಸುಗ್ರಾ ಬೇಗಂ ಒಪ್ಪಿಕೊಂಡಳು. ಮುಂದಿನ ವಾರದಿಂದ ತುದಿಯ ಯಂತ್ರಗಳಿಗೆ ಸರತಿ ಬಂತು. ಇದು ಸಲೀಸಾಗಿ ಆಯಿತೆಂದು ಬರೆದರೆ ನಾನು ಸುಳ್ಳುಗಾತಿಯಾಗುತ್ತೇನೆ. ಕೆಲವರು ಗುಮಾಸ್ತನ ಹತ್ತಿರ ಹೋಗಿ ಗೊಣಗಿದರು, ಒಬ್ಬಿಬ್ಬರು ಕೆಲಸ ಬಿಟ್ಟು ಬೇರೆ ಕಾರ್ಖಾನೆ ನೋಡಿಕೊಂಡರು. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುವ ಕಾಲವೂ ಕೂಡಲೇ ಬರಲಿಲ್ಲ. ತಿಮ್ಮವ್ವ ಮಾತ್ರ ಅವತ್ತಿನಿಂದ ಡಬ್ಬಿ ಹಿಡಿದು ಅಂಗಳ ದಾಟುತ್ತಿದ್ದಳು. ಬರಬರುತ್ತ ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು.

ಹೆಸರಿಡುವ ಕೆಲಸ ತಿಮ್ಮವ್ವನ ಪಾಲಿಗೇ ಬಂತು, ಅವಳಷ್ಟು ಚೆನ್ನಾಗಿ ಕೈಯಾಡಿಸುವವರು ಬೇರೆ ಇರಲಿಲ್ಲ. ಸೂಗಮ್ಮನಿಗೆ ಸೊಂಟದ ಮೇಲೆ ಎರಡು ಕೈ ಇಟ್ಟಳು. ಸೂಗಮ್ಮ ಸಿಟ್ಟಾಗುವಳೆಂದು ಎಲ್ಲರೂ ಹೆದರಿದರೆ, ಅವಳು ಹೊಟ್ಟೆ ಹಿಡಿದು ನಕ್ಕಳಂತೆ. ಪಾರ್ವತೆಮ್ಮನಿಗೆ ಮಾತ್ರ ತಿಮ್ಮವ್ವ ಬಹಳ ಹೊತ್ತು ಯೋಚಿಸಿದಳು. ಆಕೆಗೆ ಹೆಸರು ಇದೆಯಲ್ಲ, ಮತ್ತೊಂದು ಯಾಕೆ ಎಂದು ಅವಳ ಗೊಂದಲ. ಕೊನೆಗೆ ಬಲಗೈಯಿಂದ ತನ್ನ ಎಡ ಮುಂಗೈಯನ್ನು ಮೆತ್ತಗೆ ಹಿಡಿದುಕೊಂಡಳು. ಅದೇ ಪಾರ್ವತೆಮ್ಮನ ಹೆಸರಾಯಿತು.

ರೂಢಿಯಾದದ್ದು ಬಿಡುವುದು ಕಷ್ಟ. ಎಷ್ಟೋ ದಿನ ಅವಳ ಬೆರಳು ತಾನಾಗಿಯೇ ಸೆರಗಿಗೆ ಹೋಗುತ್ತಿತ್ತು. ಆಗ ಹತ್ತಿರ ಇದ್ದವರು, ಅದು ಯಾರೇ ಇರಲಿ, ಆ ಬೆರಳು ಬಿಡಿಸಿ ಮುಂಗೈ ಮೇಲೆ ತಂದಿಡುತ್ತಿದ್ದರು. ಬೇರೆಯವರ ಕೈಯಿಂದ ಆ ಸನ್ನೆ ಮಾಯವಾಗಿತ್ತು. ಅವಳಿಗೆ ಕಲಿಸುವಾಗ ತಮ್ಮ ಕೈ ತಪ್ಪಬಾರದೆಂಬ ಎಚ್ಚರ ಎಲ್ಲರಿಗೂ ಬಂದಿತ್ತು.

ಎಂಬತ್ತೆಂಟರಲ್ಲಿ ಆ ಕಾರ್ಖಾನೆ ಮುಚ್ಚಿತು. ತಿಮ್ಮವ್ವ ನನ್ನೊಂದಿಗೆ ರೊಟ್ಟಿ ಬಡಿಯಲು ಕೂತಳು. ಅಷ್ಟರಲ್ಲಿ ನಮ್ಮ ಓಣಿಯಲ್ಲೇ ಕೈಮಾತು ಬಲ್ಲವರು ಹತ್ತಾರು ಜನ ಆಗಿದ್ದರು, ನಾನೂ ಸುಮಾರಾಗಿ ಕಲಿತಿದ್ದೆ. ಪಾರ್ವತೆಮ್ಮ ಶನಿವಾರಕ್ಕೊಮ್ಮೆ ಬಂದು ನಮ್ಮ ಒಲೆಯ ಮುಂದೆ ಕೂತು, ಅವಳೊಂದಿಗೆ ಹೊಟ್ಟೆ ತುಂಬ ಮಾತಾಡಿ ಹೋಗುತ್ತಿದ್ದಳು. ಒಮ್ಮೆ ಹಾಗೆ ಆಕೆ ಎದ್ದು ಹೋದ ಮೇಲೆ ತಿಮ್ಮವ್ವ ನನ್ನ ಕಡೆ ತಿರುಗಿದಳು. ಎರಡು ಬೆರಳಲ್ಲಿ ಸೆರಗು ಚಿವುಟಿ ತೋರಿಸಿ, ಇದನ್ನು ಯಾಕೆ ಬಿಡಿಸಿದಿರಿ ಎಂದು ಕೇಳಿದಳು. ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಅದೇನು ತಪ್ಪು ಹೆಸರಾಗಿತ್ತೇ?

ನನಗೆ ಪಾರ್ವತೆಮ್ಮ ಅವತ್ತು ನನ್ನ ಕೈ ಹಿಡಿದು ತಡೆದದ್ದು ನೆನಪಾಯಿತು. ಅದು ಆಕೆಯ ಹೆಸರೇ ಅಲ್ಲ ಎಂದೆ.

ಹಾಗಾದರೆ ಯಾರ ಹೆಸರು ಎಂದು ಕೇಳಿದಳು ತಿಮ್ಮವ್ವ.

ಯಾರದೂ ಅಲ್ಲ ಎಂದು ಕೈಯಾಡಿಸಿದೆ. ಅವಳು ನಂಬಿದಳು. ತಲೆಯಾಡಿಸಿ, ಹಿಟ್ಟಿನ ಮುದ್ದೆ ಎತ್ತಿಕೊಂಡು ಬಡಿಯತೊಡಗಿದಳು. ನನಗೆ ಅಳು ಬಂತು, ಹೊಗೆ ಎಂದು ಸುಳ್ಳು ಹೇಳಿದೆ.